ಮೈನಸ್ ಒಂಬತ್ತಕ್ಕೆ ನಲವತ್ತೆರಡರ ಫ್ರೇಮು

ನನ್ನದು ಹಾಸನದಲ್ಲಿ ಕನ್ನಡಕದ ಅಂಗಡಿ. ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ನಿಂತು ‘ಮೈನಸ್ ಒಂಬತ್ತಕ್ಕೆ 1.61 ಸಾಕು’ ಅಂದಾಗ ಅಲ್ಲಿದ್ದ ಮೂವರೂ ನಕ್ಕಿದ್ದರು. 1.61 ಅನ್ನುವುದು ಗಾಜಿನ ಇಂಡೆಕ್ಸ್, ಅದು ಹೆಚ್ಚಿದಷ್ಟೂ ಅದೇ ನಂಬರಿಗೆ ಗಾಜು ತೆಳ್ಳಗೆ. ‘ನಿಮ್ಮ ಹಾಸನದಲ್ಲಿ ನಂಬರ್ ಕೂಡ ಅಗ್ಗವೇನ್ರೀ?’ ಅಂತ ಒಬ್ಬರು ಕಾಲೆಳೆದರು. ಅದಾಗಿ ಎರಡು ವರ್ಷ. ಅಂಥ ಜೋಡಿ ನಲವತ್ತರ ಹತ್ತಿರ ಮಾಡಿಕೊಟ್ಟಿದ್ದೇನೆ, ವಾಪಸ್ ಬಂದದ್ದು ಎರಡೇ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶುರುವಾದದ್ದು ಒಬ್ಬ ಕಾಲೇಜು ಮೇಡಂ ಅವರಿಂದ. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು. ಕಣ್ಣು ಒಣಗುತ್ತಿದೆ, ಕಡಿಮೆ ಮಾಡಿ ಅಂದಿದ್ದರಂತೆ ಡಾಕ್ಟರು. ಕನ್ನಡಕ ಅಂದರೆ ಅವರಿಗೆ ಹೈಸ್ಕೂಲಿನ ಸೋಡಾಬುಡ್ಡಿಯ ನೆನಪು. ಜೊತೆಗೆ ಬಂದಿದ್ದ ಅವರಮ್ಮ, ‘ಇವಳದು ಬರೀ ಒಂಬತ್ತು, ಇವಳ ತಮ್ಮಂದು ಎಪ್ಪತ್ತೈದು. ಆದರೂ ಅವನ ಗ್ಲಾಸೇ ತೆಳ್ಳಗಿದೆಯಲ್ಲ, ನೀವು ಯಾಕೆ ದಪ್ಪ ಕೊಡ್ತೀರಿ?’ ಎಂದು ಜಗಳಕ್ಕೇ ನಿಂತರು. ಆ ಎಪ್ಪತ್ತೈದು ಅಂದರೆ 0.75, ಒಂದು ನಂಬರೂ ಇಲ್ಲ, ಅದನ್ನು ಅವರಮ್ಮನಿಗೆ ಹೇಳುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

ಮೇಡಂ ಮೊಬೈಲಿನಲ್ಲಿ ತೋರಿಸಿದ್ದು ಅಗಲವಾದ ಚೌಕ ಫ್ರೇಮು, 54-18 (ಒಂದು ಗಾಜಿನ ಅಗಲ 54 ಮಿಲಿಮೀಟರ್, ಮೂಗಿನ ಸೇತುವೆ 18). ಬೇಡ ಅನ್ನಬೇಕಿತ್ತು. ಗಿರಾಕಿ ಆಸೆಪಟ್ಟಿದ್ದಾರೆ, ಲಾಭವೂ ಇದೆ ಅಂತ 1.74 ಹಾಕಿಸಿದೆ. ಕೋಟಿಂಗ್ ಸೇರಿ ನನಗೇ ಒಂಬತ್ತು ಸಾವಿರದಷ್ಟು ಬಿತ್ತು. ಬಸ್ ಪಾರ್ಸಲ್‌ನಲ್ಲಿ ಬಂತು, ಕೂರಿಸಿದೆ, ಒರೆಸಿದೆ. ಕಡ್ಡಿ ಮಡಚಲು ಹೋದರೆ ಅರ್ಧಕ್ಕೇ ನಿಂತಿತು. ಗಾಜಿನ ಹೊರ ಅಂಚು ಹಿಂದಕ್ಕೆ ಚಾಚಿ ಕಡ್ಡಿಗೆ ತಾಗುತ್ತಿದೆ! ಕ್ಯಾಲಿಪರ್ ಹಿಡಿದರೆ ಏಳೂವರೆ ಮಿಲಿಮೀಟರ್‌ಗೂ ಮೇಲೆ. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ಬರೀ ಗಾಜಿನ ಜೋಡಿಯೇ ಇಪ್ಪತ್ತು ಗ್ರಾಂ ಹತ್ತಿರ ತೂಗಿತು. ಮೇಡಂ ಒಂದು ವಾರ ಹಾಕಿದರು, ಟ್ಯೂಬ್‌ಲೈಟಿನ ಅಂಚಿಗೆ ನೀಲಿ-ಕಿತ್ತಳೆ ಗೆರೆ ಕಾಣುತ್ತದೆ ಅಂದರು, ಮೂಗಿನ ಮೇಲಿನ ಗುರುತು ತೋರಿಸಿದರು. ಪೂರ್ತಿ ದುಡ್ಡು ವಾಪಸ್ ಕೊಟ್ಟೆ.

ಅವತ್ತು ರಾತ್ರಿ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಕೂತೆ. 54ಕ್ಕೆ 18 ಸೇರಿದರೆ 72. ಅವರ ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ, 60. ಒಂದೊಂದು ಕಣ್ಣಿಗೂ ಗಾಜಿನ ಸೆಂಟರನ್ನು 6 ಮಿಲಿಮೀಟರ್ ಒಳಕ್ಕೆ ಎಳೆಯಬೇಕು. ಅಂದರೆ ಸೆಂಟರಿನಿಂದ ಕಿವಿ ಕಡೆಯ ಅಂಚಿಗೆ 33. ಅದೇ 42-20 ಆದರೆ 62, ಎಳೆಯಬೇಕಾದ್ದು ಒಂದೇ ಮಿಲಿಮೀಟರ್, ಅಂಚಿಗೆ 22. ದೂರ ಒಂದೂವರೆ ಪಟ್ಟಾದರೆ ಅಂಚು ಏರುವುದು ಎರಡೂಕಾಲು ಪಟ್ಟು. 1.61 ಬಿಟ್ಟು 1.74ಕ್ಕೆ ಹೋದರೆ ದಪ್ಪದಲ್ಲಿ ಉಳಿತಾಯ ಐದರಲ್ಲೊಂದು ಪಾಲೂ ಇಲ್ಲ. ಇಷ್ಟು ವರ್ಷ ಇಂಡೆಕ್ಸ್ ಮಾರಿಕೊಂಡು ಕೂತಿದ್ದೆನಲ್ಲ ಅಂತ ನಾಚಿಕೆಯೂ ಆಯಿತು.

ಆದರೆ 42ರ ಫ್ರೇಮು ಸಿಗಬೇಕಲ್ಲ! ಸಗಟಿನವರು ಮಕ್ಕಳ ಟ್ರೇ ಎಳೆದು ತೋರಿಸುತ್ತಾರೆ. ಸಣ್ಣ ತಂತಿಯ ದುಂಡು ಫ್ರೇಮು ಇಟ್ಟು ನೋಡಿದರೆ ಅವರಮ್ಮ ‘ಗಾಂಧಿ ತಾತನ ಕನ್ನಡಕ ಬೇಡಪ್ಪ’ ಅಂದುಬಿಟ್ಟರು. ನನಗೆ ಬೇಕಿದ್ದದ್ದು ದಪ್ಪ ಅಸಿಟೇಟು (ಒಂದು ಬಗೆಯ ಪ್ಲಾಸ್ಟಿಕ್ಕು), ಪ್ಯಾಂಟೋ ಆಕಾರ (ಮೇಲೆ ಸ್ವಲ್ಪ ಚಪ್ಪಟೆ, ಕೆಳಗೆ ದುಂಡು), ತಿರುಗಣೆ ಇರುವ ಮೂಲೆ ಹೊರಕ್ಕೆ ಚಾಚಿರಬೇಕು. ಗಾಜು ಸಣ್ಣದಾದರೂ ಮುಖಕ್ಕೆ ಅಗಲ ಕಾಣುವುದು ಆ ಮೂಲೆಯಿಂದಲೇ, ಗಾಜಿನ ಅಂಚನ್ನು ಮುಚ್ಚುವುದೂ ಅದೇ ದಪ್ಪ. ತಿಂಗಳು ಅಲೆದು ಆರು ತಂದೆ. ನಾಲ್ಕು ಇನ್ನೂ ಶೋಕೇಸಿನಲ್ಲಿವೆ, ಅವು ಯಾರ ಮೂಗಿಗೂ ಕೂರುವುದಿಲ್ಲ.

ಎರಡನೇ ಸಲ ಕೆಟ್ಟದ್ದು ಪೂರ್ತಿ ನನ್ನ ತಪ್ಪು. ಡಾಕ್ಟರ ಚೀಟಿಯಲ್ಲಿ ಬಲಗಣ್ಣಿಗೆ ಇದ್ದದ್ದು −10.00, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಸೇರುವ ನಂಬರು) +1.00, ಆಕ್ಸಿಸ್ (ಅದರ ಕೋನ) 90. ಅದನ್ನೇ ಮೈನಸ್ ಸಿಲಿಂಡರಿಗೆ ಬದಲಿಸಿ ಬರೆಯುವಾಗ −9.00, −1.00 ಅಂತ ಸರಿಯಾಗಿಯೇ ಬರೆದೆ, ಆಕ್ಸಿಸ್ ಮಾತ್ರ 90 ಹಾಗೇ ಉಳಿಸಿದೆ. 180 ಆಗಬೇಕಿತ್ತು. ಫೋನು ಒಂದು ಕಿವಿಗೆ, ಪೆನ್ನು ಇನ್ನೊಂದು ಕೈಗೆ ಇದ್ದಾಗ ಇಂಥದ್ದು ಆಗುತ್ತದೆ. ಎಡಗಣ್ಣಿನದೂ ಹಾಗೇ ಆಗಿತ್ತು. ‘ಬೋರ್ಡಿನ ಅಕ್ಷರಕ್ಕೆ ನೆರಳು ಬೀಳ್ತಿದೆ’ ಅಂದರು ಮೇಡಂ. ಎರಡು ಸಾವಿರದ ಚಿಲ್ಲರೆ ಮಣ್ಣುಪಾಲು. ಈಗ ಬದಲಿಸಿದ ನಂಬರನ್ನು ಹುಡುಗನಿಗೆ ಕೊಟ್ಟು ಮತ್ತೆ ಹಿಂದಕ್ಕೆ ಬದಲಿಸು ಅನ್ನುತ್ತೇನೆ, ಚೀಟಿಗೆ ಹೊಂದಿದರೆ ಮಾತ್ರ ಆರ್ಡರ್.

ಪಿಡಿ ಹೆಚ್ಚಿನ ಚೀಟಿಗಳಲ್ಲಿ ಇರುವುದಿಲ್ಲ, ನಾವೇ ಅಳೆಯಬೇಕು. 60 ಅಂದೆನಲ್ಲ, ಬಿಡಿಸಿ ಅಳೆದರೆ ಬಲಕ್ಕೆ 31, ಎಡಕ್ಕೆ 29. ಅರ್ಧರ್ಧ ಹಂಚಿದ್ದರೆ ಒಂದೊಂದು ಕಣ್ಣಿಗೂ ಒಂದು ಮಿಲಿಮೀಟರ್ ತಪ್ಪು. ಮೈನಸ್ ಒಂಬತ್ತಿನಲ್ಲಿ ಅದು ಹತ್ತಿರ ಹತ್ತಿರ ಒಂದು ಪ್ರಿಸಂ (ನೋಟ ಪಕ್ಕಕ್ಕೆ ಸರಿಯುವುದರ ಅಳತೆ).

ಇನ್ನೊಂದು ಹಟವಿತ್ತು. ಕಣ್ಣು ಚಿಕ್ಕದಾಗಿ ಕಾಣಬಾರದು ಅಂತ ಮೇಡಂ ಆಸೆ. ಕನ್ನಡಕ ಮುಖಕ್ಕೆ ಹತ್ತಿರವಾದಷ್ಟೂ ಕಣ್ಣು ದೊಡ್ಡದು, ಹಾಗಾಗಿ ಬಿಸಿ ಮರಳಿನಲ್ಲಿ ಮೂಗಿನ ಸೇತುವೆ ಮೆತ್ತಗೆ ಮಾಡಿ ಕಣ್ಣಿಗೂ ಗಾಜಿಗೂ ನಡುವಿನ ದೂರವನ್ನು 9 ಮಿಲಿಮೀಟರಿಗೆ ತಂದೆ. ರೆಪ್ಪೆ ಗಾಜಿಗೆ ತಾಗಿ ದಿನವಿಡೀ ಕಾಡಿಗೆಯ ಗೆರೆ. 10ಕ್ಕೆ ನಿಲ್ಲಿಸಿದೆ. ಪರೀಕ್ಷೆ ಮಾಡಿದ್ದು 12-13ರಲ್ಲಿ, ಹತ್ತಿರ ತಂದರೆ ಮೈನಸ್ ಜೋರಾಗುತ್ತದೆ. ಡಾಕ್ಟರಿಗೆ ಫೋನು ಮಾಡಿ ಕೇಳಿದೆ, ಕಾಲು ನಂಬರು ಇಳಿಸಿ ಎಂದರು. −8.75 ಹಾಕಿದೆ.

ಅಂಚಿನ ಪ್ರಯೋಗಗಳಲ್ಲಿ ಎಷ್ಟು ಗಾಜು ಹಾಳಾದವೋ ಲೆಕ್ಕವಿಲ್ಲ. ಪಾಲಿಶ್ ಮಾಡಿದರೆ ಚಂದ ಅಂದುಕೊಂಡೆ, ಗಾಜಿನೊಳಗೆ ಕಾಣುವ ಅಂಚಿನ ಉಂಗುರಗಳು ಇನ್ನೂ ಎದ್ದು ಕಂಡವು. ಉಗುರುಬಣ್ಣ ಬಳಿದೆ, ಎರಡು ವಾರಕ್ಕೆ ಸುಲಿಯಿತು. ಮಾರ್ಕರ್ ಪೆನ್ನು ಬೆವರಿಗೆ ಹರಿಯಿತು. ಈಗ ಅಂಚು ಮಂಕಾಗಿಯೇ ಬಿಟ್ಟು ಫ್ರೇಮಿನದೇ ಬಣ್ಣ ಹಿಡಿಸುತ್ತೇನೆ. ಯಾವ ಬಣ್ಣ, ಹೇಗೆ ಅಂತ ಹೇಳಲಾರೆ, ಹೊಟ್ಟೆಪಾಡು. ಬೆವೆಲ್, ಅಂದರೆ ಫ್ರೇಮಿನ ಸೀಳಿಗೆ ಕೂರುವ ಗಾಜಂಚಿನ ಏಣನ್ನು, ಎಲ್ಲಿ ಕೂರಿಸುತ್ತೇನೆ ಅನ್ನುವುದೂ ಗುಟ್ಟೇ.

ಕೊನೆಗೆ ಅಳೆದಾಗ ಹೊರ ಅಂಚು ಐದರ ಆಸುಪಾಸು, ಗಾಜಿನ ಜೋಡಿ ಹನ್ನೊಂದೋ ಹನ್ನೆರಡೋ ಗ್ರಾಂ. ಕಡ್ಡಿ ಮಡಚಿತು. 1.61ರಲ್ಲಿ ಆಬೆ (ಇದು ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ ಚೆದುರುತ್ತದೆ) ನಲವತ್ತರ ಮೇಲಿದೆ, 1.74ರಲ್ಲಿ ಮೂವತ್ತಮೂರು ಅಷ್ಟೇ, ಹಾಗಾಗಿ ಟ್ಯೂಬ್‌ಲೈಟಿನ ಬಣ್ಣದ ದೂರೂ ಹೋಯಿತು. ಫ್ರೇಮು ಸೇರಿ ಆರು ಸಾವಿರದ ಎಂಟುನೂರು ತೆಗೆದುಕೊಂಡೆ. ಆ ಒಂದು ಕನ್ನಡಕದಲ್ಲಿ ಹತ್ತು ಸಾವಿರದ ಹತ್ತಿರ ಕೈಬಿಟ್ಟಿತು, ಆದರೆ ಮೇಡಂ ಅವರ ಸ್ಟಾಫ್‌ರೂಮಿನಿಂದಲೇ ಆಮೇಲೆ ಐದು ಜನ ಬಂದರು.

ಆ 54ರ ಚೌಕ ಫ್ರೇಮು ವ್ಯರ್ಥವಾಗಲಿಲ್ಲ. ಎಪ್ಪತ್ತೈದು ನಂಬರಿನ ತಮ್ಮ ಬಂದು ಅದೇ ಬೇಕು ಅಂದ. ಸಾದಾ 1.50 ಹಾಕಿ ಕೊಟ್ಟೆ, ಕಡ್ಡಿ ಸಲೀಸಾಗಿ ಮಡಚುತ್ತದೆ.