ಕಲಬುರಗಿ ಚಳಿಯಲ್ಲಿ ಬೋನ್ಸಾಯ್‌ಗೆ ತಂತಿ ಕಟ್ಟುವುದು: ನನ್ನ ಅನುಭವ

ಬೋನ್ಸಾಯ್ ಬಗ್ಗೆ ಏನೇ ಓದಿ, ಚಳಿಗಾಲದಲ್ಲಿ ಗಿಡ ಮಲಗಿರುತ್ತೆ, ಅಂದರೆ ಬೆಳೆಯೋದು ನಿಲ್ಲಿಸಿರುತ್ತೆ, ಆಗಲೇ ಟೊಂಗೆ ಸವರಿ, ಬೇಕಾದ ಆಕಾರಕ್ಕೆ ಬಗ್ಗಿಸೋಕೆ ತಂತಿ ಕಟ್ಟಿ ಅಂತಾನೇ ಇರುತ್ತೆ. ಅದು ಜಪಾನಿನ ಲೆಕ್ಕ. ಅಲ್ಲಿ ಮೇಪಲ್ ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತೆ, ವಾರಗಟ್ಟಲೆ 7 ಡಿಗ್ರಿಗಿಂತ ಕೆಳಗಿನ ಚಳಿ ಕಾಣುತ್ತೆ. ನಮ್ಮ ಕಲಬುರಗಿಯಲ್ಲಿ ಎಳ್ಳಮಾವಾಸ್ಯೆ ಹೊತ್ತಿಗೆ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ನಾವು ಮಫ್ಲರ್ ಹುಡುಕುತ್ತೇವೆ, ಮಧ್ಯಾಹ್ನ ಮಾಳಿಗೆ ಹತ್ತಿದರೆ ಮತ್ತೆ ಬೆವರು. ಬೀದರ್ ಎತ್ತರದಲ್ಲಿದೆ, ಅಲ್ಲಿ ಚಳಿ ಇನ್ನೊಂದು ಸ್ವಲ್ಪ ಜಾಸ್ತಿ. ಇಷ್ಟಕ್ಕೇ ಆಲದ ಗಿಡ ಮಲಗುತ್ತಾ? ಇಲ್ಲ. ತೂಕಡಿಸುತ್ತೆ ಅಷ್ಟೆ.

ಹಾಗಾಗಿ ನಾನು ಮಾಡಿಕೊಂಡ ಪದ್ಧತಿ ಬೇರೆ. ಚಳಿಗಾಲ ತಂತಿಗೆ, ದೊಡ್ಡ ಕತ್ತರಿ ಕೆಲಸ ಆಮೇಲೆ. ಡಿಸೆಂಬರ್‌ನಲ್ಲಿ ಆಲದ ದಪ್ಪ ಟೊಂಗೆ ಕಡಿದರೆ ಹೊಸ ಚಿಗುರು ಬರೋದು ತುಂಬಾ ನಿಧಾನ, ಗಾಯ ಮುಚ್ಚೋದೂ ನಿಧಾನ. ಆದರೆ ತಂತಿಗೆ ಇದೇ ನಿಧಾನ ಅನುಕೂಲ. ಮಳೆಗಾಲದಲ್ಲಿ ಆಲ, ಅರಳಿ ಬೇಗ ದಪ್ಪ ಆಗುತ್ತವೆ, ಕೆಲವೇ ವಾರದಲ್ಲಿ ತಂತಿ ತೊಗಟೆಯೊಳಗೆ ಇಳಿದು ಗೀರು ಬೀಳುತ್ತೆ, ಆ ಗೀರು ಹೋಗೋಕೆ ವರ್ಷಗಳೇ ಬೇಕು. ಈಗ ಕಟ್ಟಿದ್ದು ಹೆಚ್ಚುಕಡಿಮೆ ಶಿವರಾತ್ರಿವರೆಗೆ ಇರಬಹುದು. ಆದರೂ ವಾರಕ್ಕೊಮ್ಮೆ ಪ್ರತಿ ಸುತ್ತನ್ನೂ ನೋಡುತ್ತೇನೆ, ಅದರಲ್ಲೂ ತುದಿ ಹತ್ತಿರ.

ಕಟ್ಟುವ ಹಿಂದಿನ ದಿನ ನೀರು ಹಾಕುವುದಿಲ್ಲ. ಟೊಂಗೆ ಸ್ವಲ್ಪ ಸೊರಗಿದ್ದರೆ ಚೆನ್ನಾಗಿ ಬಾಗುತ್ತೆ, ನೀರು ತುಂಬಿಕೊಂಡಿದ್ದರೆ ಪಟಕ್ ಅಂತ ಮುರಿಯುತ್ತೆ. ಮೊದಲು ಒಳಮುಖವಾಗಿ ಬೆಳೆದ ಸಣ್ಣ ಕಡ್ಡಿ, ಹಳೇ ದೊಡ್ಡ ಎಲೆ ಇಷ್ಟನ್ನು ತೆಗೆಯುತ್ತೇನೆ. ಗಿಡದ ಎಲುಬು ಕಾಣಬೇಕು, ಇಲ್ಲದಿದ್ದರೆ ಎಲ್ಲಿ ಸುತ್ತಬೇಕು ಅಂತಾನೇ ಗೊತ್ತಾಗಲ್ಲ. ಕತ್ತರಿಸಿದ ಕಡೆ ಸುರಿದ ಬಿಳಿ ಹಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಎಲ್ಲಾದರೂ ಸ್ವಲ್ಪ ದಪ್ಪ ಟೊಂಗೆ ತೆಗೆಯಲೇಬೇಕಾಗಿ ಬಂದರೆ ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯುತ್ತೇನೆ, ದಾಳಿಂಬೆ ಚಾಟ್ನಿ (ಟೊಂಗೆ ಸವರೋದು) ಮಾಡಿದ ಮೇಲೆ ರೈತರು ಬಳಿಯುತ್ತಾರಲ್ಲ, ಅದೇ ಮೈಲುತುತ್ತ ಸುಣ್ಣದ್ದು.

ತಂತಿ ಅಲ್ಯೂಮಿನಿಯಂದು. ಅದರ ದಪ್ಪ, ಟೊಂಗೆಯ ದಪ್ಪದ ಮೂರನೇ ಒಂದು ಭಾಗ ಇರಬೇಕು, ಉದ್ದ, ಟೊಂಗೆಯ ಉದ್ದದ ಒಂದೂವರೆ ಪಟ್ಟು. 1 ಮಿಲಿಮೀಟರ್‌ನಿಂದ 4ರವರೆಗೆ ಇಟ್ಟುಕೊಂಡರೆ ಮನೆಮಟ್ಟಿಗೆ ಸಾಕು. ಸಣ್ಣ ಕಡ್ಡಿಗಳಿಗೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ತಾಮ್ರದ ತಂತಿ ತುಂಡುಗಳೂ ನಡೆಯುತ್ತವೆ, ಮೆತ್ತಗಿರುತ್ತವೆ, ಒಮ್ಮೆ ಬಗ್ಗಿಸಿದರೆ ಗಟ್ಟಿಯಾಗಿ ಹಿಡಿಯುತ್ತವೆ. ನಾನು ಯಾವಾಗಲೂ ಒಂದೇ ತಂತಿಯಿಂದ ಎರಡು ಟೊಂಗೆ ಕಟ್ಟುತ್ತೇನೆ, ನಡುವೆ ಕಾಂಡಕ್ಕೆ ಒಂದು ಸುತ್ತು ಬರಬೇಕು, ಇಲ್ಲದಿದ್ದರೆ ಒಂದನ್ನು ಬಗ್ಗಿಸಿದಾಗ ಇನ್ನೊಂದು ಎದ್ದು ಕೂರುತ್ತೆ. ಸುತ್ತು 45 ಡಿಗ್ರಿ ಓರೆ. ಟೊಂಗೆಗೆ ತಾಗಿರಬೇಕು, ಬಿಗಿಯಬಾರದು. ಬಗ್ಗಿಸುವ ಕಡೆ ತಂತಿ ಹೊರಮೈ ಮೇಲೆ ಬರೋ ಹಾಗೆ ನೋಡಿಕೊಳ್ಳಿ, ಮುರಿಯೋದು ಅಲ್ಲೇ. ಎರಡು ಹೆಬ್ಬೆರಳನ್ನೂ ಒಳಬದಿಗೆ ಒತ್ತಿ ಹಿಡಿದು ನಿಧಾನಕ್ಕೆ ಬಗ್ಗಿಸಬೇಕು. ಎಲ್ಲವನ್ನೂ ಒಂದೇ ದಿನ ಬೇಕಾದಷ್ಟು ಬಗ್ಗಿಸುವ ಆಸೆ ಬೇಡ, ಇವತ್ತು ಅರ್ಧ, ಹದಿನೈದು ದಿನ ಬಿಟ್ಟು ಉಳಿದದ್ದು.

ಇನ್ನು ಒಂದೊಂದು ಗಿಡದ ಚಳಿಗಾಲ ಒಂದೊಂದು ಥರ. ಅರಳಿ ಜನವರಿಯಲ್ಲಿ ಹಸಿರಾಗೇ ಇರುತ್ತೆ, ಎಲೆ ಉದುರಿಸೋದು ಫೆಬ್ರವರಿ-ಮಾರ್ಚ್‌ನಲ್ಲಿ. ಅಂದರೆ ಜಪಾನಿನವರಿಗೆ ಜನವರಿಯಲ್ಲಿ ಸಿಗುವ ಬೋಳು ಗಿಡ ನಮಗೆ ಬಿಸಿಲು ಏರುವಾಗ ಸಿಗುತ್ತೆ, ಅದೂ ಕೆಲವೇ ದಿನ, ಅಷ್ಟರಲ್ಲಿ ತಾಮ್ರದ ಬಣ್ಣದ ಚಿಗುರು ಬಂದುಬಿಡುತ್ತೆ. ನಾನು ಅರಳಿಗೆ ದೊಡ್ಡ ಕತ್ತರಿ ಹಾಕೋದು ಆ ಸಂದಿಯಲ್ಲೇ. ಬಾಜು ಮನೆಯ ಕಾಕು ತಂತಿ ನೋಡಿ, "ಅರಳಿಗಿಡಕ್ಕ ಬೇಡಿ ಹಾಕೀಯಲ್ಲೊ, ದೇವರ ಗಿಡ ಅದು" ಅಂತಾರೆ. "ಶಿವರಾತ್ರಿಗೆ ಬಿಚ್ಚತೀನ್ರೀ ಕಾಕು" ಅಂತ ಹೇಳಿ ಸುಮ್ಮನಾಗುತ್ತೇನೆ. ಈ ಗಿಡ ಬಂದಿದ್ದೇ ಅವರ ಮನೆ ಗೋಡೆ ಬಿರುಕಿನಿಂದ!

ಹುಣಸೆಯ ಹಳೇ ಟೊಂಗೆ ಬಗ್ಗಲ್ಲ, ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತಿರುವ ಕಡ್ಡಿಗೇ ತಂತಿ ಹಾಕಬೇಕು. ಕಾಗದದ ಹೂವಿನ ಗಿಡವೂ ಹಾಗೇ, ಜೊತೆಗೆ ಚಳಿ ಮುಗಿಯುವಾಗ ಅದು ಹೂಬಿಡೋ ಹೊತ್ತು, ಆಗ ಸವರಿದರೆ ಹೂ ಕೈಬಿಟ್ಟ ಹಾಗೆ.

ನಿಜವಾಗಿ ಮಲಗೋದು ನನ್ನ ಹತ್ತಿರ ದಪ್ಪ ಬುಡದ ಹೂಗಿಡ ಅಡೀನಿಯಂ ಒಂದೇ. ಚಳಿ ಬಿದ್ದರೆ ಎಲೆ ಹಳದಿ ಮಾಡಿ ಉದುರಿಸುತ್ತೆ. ಪಾಪ ಒಣಗಿತು ಅಂತ ಜನ ನೀರು ಹುಯ್ಯುತ್ತಾರೆ, ಬುಡ ಕೊಳೆಯುತ್ತೆ. ಆಗ ನೀರು ಪೂರ್ತಿ ಕಡಿಮೆ ಮಾಡಬೇಕು. ಕತ್ತರಿ ಹಾಕೋದು ಫೆಬ್ರವರಿ ಕೊನೆಗೆ, ಮೊಗ್ಗು ಉಬ್ಬಿದಾಗ. ಅದರ ಹಾಲು ವಿಷ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ತಂತಿ ಕಟ್ಟಿದ ಮೇಲೆ ಒಂದು ವಾರ ಗೋಡೆ ನೆರಳು, ಗೊಬ್ಬರ ಇಲ್ಲ. ಕುಂಡ ಬದಲಿಸುವುದು ಜೂನ್ ಮಳೆಗೆ. ತಂತಿ ತೆಗೆಯುವಾಗ ಸುತ್ತು ಬಿಚ್ಚಬೇಡಿ, ಟೊಂಗೆಯೇ ಕೈಗೆ ಬರುತ್ತೆ. ಕಟರ್‌ನಿಂದ ತುಂಡು ತುಂಡು ಮಾಡಿ ತೆಗೆಯಿರಿ. ಹೋಳಿ ಆದ ಮೇಲೆ ಬರುವ ನಮ್ಮೂರ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ನನ್ನ ಯಾವ ಗಿಡದ ಮೇಲೂ ತಂತಿ ಇರಲ್ಲ, ನಮ್ಮ ಬಿಸಿಲಿಗೆ ತಂತಿಯೇ ಕಾದು ತೊಗಟೆ ಸುಡುತ್ತೆ. ಆಗ ಹಸಿರು ಶೇಡ್ ನೆಟ್ ಮೇಲೇರುತ್ತೆ, ಶೇಕಡಾ 50 ನೆರಳು ಕೊಡೋದು.