"ಕೀ ಬಂತಾ?": ರೀಲಿನಿಂದ ಸರ್ವರ್‌ಗೆ ಬಂದ ಒಬ್ಬ ಟಾಕೀಸ್ ಆಪರೇಟರ್‌ನ ಅನುಭವ

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಟಾಕೀಸ್ ಆಪರೇಟರ್. ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ತೋರಿಸಿದವನು. ಆಮೇಲೆ ಝೆನಾನ್ ಲ್ಯಾಂಪ್ ಬಂತು, ಆಮೇಲೆ ಡಿಜಿಟಲ್. "ಈಗೇನಪ್ಪ, ಬಟನ್ ಒತ್ತಿ ಕೂತ್ಕೊಳ್ಳೋದು ತಾನೆ?" ಅಂತ ಕೇಳುವವರೇ ಜಾಸ್ತಿ. ಹೌದು, ಬಟನ್ ಒತ್ತುತ್ತೇನೆ. ಆದರೆ ಆ ಬಟನ್ ಕೆಲಸ ಮಾಡಬೇಕಾ ಬೇಡವಾ ಅಂತ ತೀರ್ಮಾನಿಸುವವರು ಬೇರೆ ಊರಿನಲ್ಲಿ ಕೂತಿರುತ್ತಾರೆ. ರೀಲಿನ ಕಾಲದಲ್ಲಿ ಫಿಲ್ಮ್ ಡಬ್ಬ ಪ್ರೊಜೆಕ್ಟರ್ ಕೋಣೆಗೆ, ಅಂದರೆ ಕ್ಯಾಬಿನ್‌ಗೆ, ಬಂತು ಅಂದರೆ ಸಿನಿಮಾ ನಮ್ಮ ಕೈಯಲ್ಲಿ. ಈಗ ಸಿನಿಮಾ ಸರ್ವರ್ ಅನ್ನುವ ಕಂಪ್ಯೂಟರಿನಲ್ಲಿ ಬಂದು ಕೂತಿದ್ದರೂ ನಮ್ಮ ಕೈಯಲ್ಲಿಲ್ಲ. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ.

ಹಳೆಯ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ, ಅಂದರೆ 4 ಕಿಲೋಮೀಟರಿಗೂ ಚೂರು ಜಾಸ್ತಿ. ಸಾವಿರ ಅಡಿಗೆ ಒಂದು ರೀಲ್. ಹದಿನಾಲ್ಕು ರೀಲ್ ಪಿಕ್ಚರ್, ಹದಿನಾರು ರೀಲ್ ಪಿಕ್ಚರ್ ಅಂತ ನಾವು ಸಿನಿಮಾ ಅಳೆಯುತ್ತಿದ್ದದ್ದು ಹೀಗೆ. ಎರಡು ರೀಲ್ ಸೇರಿಸಿ ಒಂದು ಸ್ಪೂಲ್ ಮಾಡಿದರೆ 20–22 ನಿಮಿಷ ಓಡುತ್ತಿತ್ತು. ಕ್ಯಾಬಿನ್‌ನಲ್ಲಿ ಎರಡು ಮೆಷಿನ್, ಅಂದರೆ ಪ್ರೊಜೆಕ್ಟರ್. ಒಂದು ಓಡುವಾಗ ಇನ್ನೊಂದಕ್ಕೆ ಲೋಡ್ ಮಾಡಿಕೊಂಡು ನಿಲ್ಲಬೇಕು. ಸ್ಪೂಲ್ ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಆಗ ಎರಡನೇ ಮೆಷಿನ್ನಿನ ಮೋಟಾರ್ ಹಾಕಬೇಕು. ಏಳೆಂಟು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ. ಆಗ ಬದಲಾಯಿಸಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ನಿಮಗೆ ಇವತ್ತಿಗೂ ಆ ಚುಕ್ಕೆ ನೆನಪಿಲ್ಲ ಅಂದರೆ ನಿಮ್ಮ ಊರಿನ ಆಪರೇಟರ್ ಒಳ್ಳೆಯವನು ಅಂತ ಅರ್ಥ.

ಲೋಡ್ ಮಾಡುವುದಕ್ಕೆ ಒಂದು ಕ್ರಮ ಇತ್ತು. ಫಿಲ್ಮ್ ಬೆಳಕಿನ ಮುಂದೆ ಹಾಯುವ ಜಾಗಕ್ಕೆ ಗೇಟ್ ಅನ್ನುತ್ತೇವೆ; ಅದರ ಮೇಲೊಂದು, ಕೆಳಗೊಂದು ಸಡಿಲ ಸುತ್ತು (ಲೂಪ್) ಬಿಡಬೇಕು. ಯಾಕೆಂದರೆ ಸ್ಪೂಲಿನಿಂದ ಫಿಲ್ಮ್ ಒಂದೇ ಸಮ ಇಳಿದು ಬರುತ್ತದೆ, ಗೇಟಿನಲ್ಲಿ ಮಾತ್ರ ಒಂದೊಂದು ಫ್ರೇಮ್ ನಿಂತು ನಿಂತು ಹೋಗುತ್ತದೆ. ಈ ಎರಡು ನಡಿಗೆಯ ನಡುವೆ ಸಡಿಲ ಇಲ್ಲದಿದ್ದರೆ ಫಿಲ್ಮ್ ಹರಿದುಹೋಗುತ್ತದೆ. ಧ್ವನಿ ಓದುವ ಸೌಂಡ್ ಹೆಡ್ ಗೇಟಿನ ಕೆಳಗೆ ಇರುವುದರಿಂದ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಅದರ ಧ್ವನಿ ಪ್ರಿಂಟ್ ಆಗಿರುತ್ತಿತ್ತು. ಕೆಳಗಿನ ಲೂಪ್ ದೊಡ್ಡದಾದರೂ ಸಣ್ಣದಾದರೂ ತುಟಿಗೂ ಮಾತಿಗೂ ತಾಳೆಯಾಗದು. ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್ ಅಳತೆ ಪಟ್ಟಿ ಇಟ್ಟವರಲ್ಲ. ಎರಡು ಬೆರಳು ಇಟ್ಟು ನೋಡುತ್ತಿದ್ದರು, ಅಷ್ಟೇ.

ಫಿಲ್ಮ್ ತುಂಡಾದರೆ? ಮೆಷಿನ್ ನಿಲ್ಲಿಸಿ, ಲೈಟ್ ಹಾಕಿಸಿ, ತುಂಡಾದ ತುದಿ ಜೋಡಿಸಿಕೊಂಡು ಓಡಿಸುವುದು. ಶೋ ಮುಗಿದ ಮೇಲೆ ರಿವೈಂಡಿಂಗ್ ಟೇಬಲ್ಲಿನ ಮೇಲೆ ಹಾಕಿ ಬ್ಲೇಡಿನಲ್ಲಿ ಚಿತ್ರ ಮೂಡಿದ ಲೇಪ (ಎಮಲ್ಷನ್) ಕೆರೆದು, ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಚ್ಚಿ, ಒತ್ತಿ ಹಿಡಿಯುವುದು. ಅದರ ವಾಸನೆಗೆ ತಲೆ ತಿರುಗುತ್ತಿತ್ತು. ಆಮೇಲಾಮೇಲೆ ಪಾಲಿಯೆಸ್ಟರ್ ಪ್ರಿಂಟ್ ಬಂದವು. ಅವು ಸಿಮೆಂಟಿಗೆ ಅಂಟುವುದಿಲ್ಲ, ಟೇಪ್ ಹಾಕಬೇಕು. ಸುಲಭಕ್ಕೆ ಹರಿಯುವುದೂ ಇಲ್ಲ. ಸಿಕ್ಕಿಹಾಕಿಕೊಂಡರೆ ಫಿಲ್ಮ್ ಬದಲು ಮೆಷಿನ್ನೇ ಪೆಟ್ಟು ತಿನ್ನುತ್ತಿತ್ತು. ಅದು ಕೂಡ ರಿಪೇರಿಯಾಗುವ ಪೆಟ್ಟೇ. ಹಲ್ಲು ಸವೆದ ಸ್ಪ್ರಾಕೆಟ್ಟನ್ನು, ಅಂದರೆ ಫಿಲ್ಮ್ ಎಳೆಯುವ ಹಲ್ಲಿನ ಚಕ್ರವನ್ನು, ತುಮಕೂರಿನ ಲೇತ್ ಅಂಗಡಿಗೆ ಒಯ್ದು ತೋರಿಸಿ ಮಾಡಿಸಿಕೊಂಡು ಬಂದದ್ದುಂಟು.

ಇಷ್ಟೆಲ್ಲ ಹೇಳಿದೆ ಅಂತ ನಾನು ರೀಲಿಗಾಗಿ ಅಳುವವನಲ್ಲ. ಬೆಂಗಳೂರಿನಲ್ಲಿ ಕೂತು ಫಿಲ್ಮಿನ ಚೆಂದದ ಬಗ್ಗೆ ಮಾತಾಡುವವರು ನಮ್ಮಂಥ ಊರಿಗೆ ಬರುತ್ತಿದ್ದ ಪ್ರಿಂಟ್ ನೋಡಿಲ್ಲ. ಒಂದು ಪ್ರಿಂಟಿಗೆ ಐವತ್ತು ಅರವತ್ತು ಸಾವಿರ ರೂಪಾಯಿ ಬೀಳುತ್ತಿತ್ತು. ನಿರ್ಮಾಪಕರು ಎಷ್ಟು ಪ್ರಿಂಟ್ ಹಾಕಿಸಿಯಾರು? ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಜಿಲ್ಲಾ ಕೇಂದ್ರಗಳು. ಅಲ್ಲಿ ಓಡಿ ಸುಸ್ತಾದ ಮೇಲೆ ಗಾಂಧಿನಗರದಿಂದ ನಮಗೆ. ಬಸ್ಸಿನ ಟಾಪಿನ ಮೇಲೆ ಮೂವತ್ತು ಕಿಲೋಗೂ ಜಾಸ್ತಿ ತೂಕದ ಪೆಟ್ಟಿಗೆ ಬರುತ್ತಿತ್ತು. ತೆಗೆದು ನೋಡಿದರೆ ಅಂಚಿನ ತೂತುಗಳು ಹರಿದಿರುತ್ತಿದ್ದವು, ಹಾಡಿನ ರೀಲ್ ಅರ್ಧ ಇರುತ್ತಿರಲಿಲ್ಲ, ಪರದೆ ಮೇಲೆ ಮೊದಲಿಂದ ಕೊನೆಯವರೆಗೆ ಗೀರುಗಳ ಮಳೆ. ನಮ್ಮ ಜನ ಅದನ್ನೇ ಸಿನಿಮಾ ಅಂತ ನೋಡಿದರು. ಅಷ್ಟರಲ್ಲಿ ಊರಿನ ಅರ್ಧ ಹುಡುಗರು ಪೈರಸಿ ಸಿಡಿಯಲ್ಲಿ ನೋಡಿಯಾಗಿರುತ್ತಿತ್ತು.

ಡಿಜಿಟಲ್ ಕಂಪನಿಗಳು ನಮ್ಮ ಟಾಕೀಸಿನ ಯಜಮಾನರನ್ನು ಒಪ್ಪಿಸಿದ್ದು ಇದೇ ಮಾತು ಹೇಳಿ. 2005ರಿಂದಲೇ ಯುಎಫ್‌ಒ ಅನ್ನುವ ಕಂಪನಿಯವರು ಸ್ಯಾಟಲೈಟ್ ಮೂಲಕ ಸಿನಿಮಾ ಕಳಿಸಲು ಶುರು ಮಾಡಿದ್ದರು. ಚೆನ್ನೈನ ಕ್ಯೂಬ್ ಕಂಪನಿ ಕೂಡ ದಕ್ಷಿಣದ ಟಾಕೀಸುಗಳಿಗೆ ಕಾಲಿಟ್ಟಿತ್ತು. ನಮ್ಮಲ್ಲಿಗೆ ಬರುವ ಹೊತ್ತಿಗೆ 2009 ದಾಟಿತ್ತು. "ಬೆಂಗಳೂರಲ್ಲಿ ರಿಲೀಸ್ ಆದ ದಿನವೇ ನಿಮ್ಮಲ್ಲೂ ರಿಲೀಸ್" ಅಂದರು. ಯಜಮಾನರಿಗೆ ಬೇರೆ ಏನೂ ಕೇಳಿಸಲಿಲ್ಲ.

ಪ್ರೊಜೆಕ್ಟರ್ ತಂದಿಟ್ಟರೆ ಆಯಿತು ಅಂತ ಅಂದುಕೊಳ್ಳಬೇಡಿ. ಕ್ಯಾಬಿನ್ ತಯಾರು ಮಾಡುವುದರಲ್ಲೇ ಅರ್ಧ ಕೆಲಸ. ಕಾರ್ಬನ್ ಹೊಗೆ ಹೋಗಲು ಸೂರಿನಲ್ಲಿ ಚಿಮಣಿ ಇತ್ತು, ಅದನ್ನು ಮುಚ್ಚಿಸಿದೆವು. ಹಳೆಯ ಮೆಷಿನ್ನುಗಳಿಗೆ ಧೂಳು, ಸೆಕೆ, ಎಣ್ಣೆ ಏನಿದ್ದರೂ ನಡೆಯುತ್ತಿತ್ತು. ಹೊಸದಕ್ಕೆ ಎಸಿ ಬೇಕು, ಬಾಗಿಲಿಗೆ ರಬ್ಬರ್ ಪಟ್ಟಿ ಬೇಕು. ನಾನು ಹಟ ಹಿಡಿದು ಮಾಡಿಸಿದ್ದು ಅರ್ತಿಂಗ್. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಕ್ಯಾಬಿನ್‌ಗೇ ಬೇರೆ ತಂತಿ ಎಳೆಸಿದೆ. ನಮ್ಮ ಊರಿನ ವೋಲ್ಟೇಜ್ ಗೊತ್ತಲ್ಲ, ಸಂಜೆ ಪಂಪ್‌ಸೆಟ್ ಶುರುವಾದರೆ ಬಲ್ಬು ಕೆಂಪಗಾಗುತ್ತದೆ. ಕರೆಂಟ್ ಹೋದರೂ ಮೆಷಿನ್ ಆಫ್ ಆಗದಂತೆ ನೋಡಿಕೊಳ್ಳುವ ಆನ್‌ಲೈನ್ ಯುಪಿಎಸ್ ಕೊಡಿಸಿ ಅಂದಾಗ ಯಜಮಾನರು "ಇಷ್ಟು ದುಡ್ಡಾ?" ಅಂದರು. ಪ್ರೊಜೆಕ್ಟರ್ ಬೋರ್ಡಿನ ಬೆಲೆ ಹೇಳಿದ ಮೇಲೆ ಸುಮ್ಮನಾದರು.

ಪರದೆಯನ್ನೂ ಬದಲಿಸಿದೆವು. ವರ್ಷಾನುಗಟ್ಟಲೆ ಬೀಡಿ ಹೊಗೆ ಕುಡಿದು ಅದು ಹಳದಿ ತಿರುಗಿತ್ತು. ಎಲ್ಲಿ ದುಡ್ಡು ಉಳಿಸಿದರೂ ಪರದೆಯಲ್ಲಿ, ಕ್ಯಾಬಿನ್‌ನಿಂದ ಬೆಳಕು ಹೊರಗೆ ಹೋಗುವ ಕಿಂಡಿಯ ಗಾಜಿನಲ್ಲಿ ಉಳಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಲಕ್ಷಗಟ್ಟಲೆ ಕೊಟ್ಟ ಬೆಳಕನ್ನು ಒಂದು ಕೊಳಕು ಗಾಜು ನುಂಗಿಬಿಡುತ್ತದೆ.

ಮೊದಲ ದಿನ ಪರದೆ ನೋಡಿ ನಾನೇ ಬೆರಗಾದೆ. ಚಿತ್ರ ಅಲ್ಲಾಡುವುದಿಲ್ಲ. ಫಿಲ್ಮಿನಲ್ಲಿ ಎಷ್ಟು ಒಳ್ಳೆಯ ಗೇಟ್ ಇದ್ದರೂ ಅಕ್ಷರಗಳು ಚೂರು ತೂಗಾಡುತ್ತವೆ. ಇಲ್ಲಿ ಟೈಟಲ್ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿತ್ತು. ನೂರನೇ ಶೋ ಕೂಡ ಮೊದಲನೇ ಶೋ ತರಹವೇ. ಕೊರತೆ ಇರಲಿಲ್ಲ ಅಂತಲ್ಲ. ಕತ್ತಲೆ ದೃಶ್ಯದಲ್ಲಿ ಕಪ್ಪು ಕಪ್ಪಾಗಿ ಕಾಣದೆ ಬೂದಿ ಬಣ್ಣ ಹೊಡೆಯುತ್ತಿತ್ತು. ಸ್ಕೋಪ್, ಅಂದರೆ ತುಂಬಾ ಅಗಲವಾದ ಚಿತ್ರದ ಸಿನಿಮಾಕ್ಕೆ ಬೆಳಕೂ ಕಡಿಮೆ. ಇದರ ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. ಫಿಲ್ಮಿನಲ್ಲಿ ಸ್ಕೋಪ್ ಚಿತ್ರವನ್ನು ಅಗಲದಲ್ಲಿ ಅರ್ಧಕ್ಕೆ ಹಿಂಡಿ ಪೂರ್ತಿ ಫ್ರೇಮ್ ತುಂಬಿಸಿರುತ್ತಿದ್ದರು, ಅನಮಾರ್ಫಿಕ್ ಲೆನ್ಸ್ ಹಾಕಿದರೆ ಪರದೆಯಲ್ಲಿ ಅಗಲವಾಗುತ್ತಿತ್ತು. 2ಕೆ ಅನ್ನುವ ಡಿಜಿಟಲ್ ಪ್ರೊಜೆಕ್ಟರಿನಲ್ಲಿ ಚಿತ್ರ ಮೂಡಿಸುವ ಚಿಪ್ಪಿನ ಅಳತೆ 2048 ಗುಣಿಸು 1080 ಚುಕ್ಕೆ. ಸ್ಕೋಪ್‌ಗೆ ಅದರಲ್ಲಿ 858 ಸಾಲು ಮಾತ್ರ ಬಳಕೆ. ಮೇಲೆ ಕೆಳಗೆ ಉಳಿದದ್ದು ಸುಮ್ನೆ ಕಪ್ಪು. ಅಲ್ಲಿಗೆ ಬಿದ್ದ ಬೆಳಕೆಲ್ಲ ದಂಡ. ನಮ್ಮ ಕನ್ನಡ ಸಿನಿಮಾಗಳು ಹೆಚ್ಚಾಗಿ ಸ್ಕೋಪೇ. ಅದಕ್ಕೇ ಲ್ಯಾಂಪ್ ಹಳೆಯದಾದರೆ ಮೊದಲು ಪೆಟ್ಟು ಬೀಳುವುದು ನಮಗೆ. ಓಡಬೇಕಾದಷ್ಟು ಗಂಟೆ ಮೀರಿದ ಲ್ಯಾಂಪನ್ನು ಇನ್ನೊಂದು ತಿಂಗಳು ಓಡಿಸು ಅನ್ನುವ ಮಾಲೀಕರು ಎಲ್ಲ ಕಡೆ ಇದ್ದಾರೆ. ಹಾಗೆ ಓಡಿಸಿದ ಝೆನಾನ್ ಲ್ಯಾಂಪ್ ಸಿಡಿದರೆ ಒಳಗಿನ ಕನ್ನಡಿಯೂ ಹೋಗುತ್ತದೆ. ಮುಖ ಪೂರ್ತಿ ಮುಚ್ಚುವ ಶೀಲ್ಡ್, ಕೈಗೆ ಗ್ಲೌಸ್ ಇಲ್ಲದೆ ಅದನ್ನು ಮುಟ್ಟಬಾರದು, ಬೆರಳಿನ ಜಿಡ್ಡು ಗಾಜಿಗೆ ತಾಗಲೇಬಾರದು. ಈ ಪಾಠ ಮಾತ್ರ ಹಳೆಯ ಮೆಷಿನ್ನಿನಲ್ಲಿ ಕಲಿತದ್ದು ಹೊಸದಕ್ಕೂ ಹಾಗೇ ಬಂತು.

2012ರಲ್ಲಿ ಫಿಲ್ಮ್ ತಯಾರಿಸುವ ಕೊಡಾಕ್ ಕಂಪನಿ ದಿವಾಳಿ ರಕ್ಷಣೆ ಕೇಳಿತು. ಮರುವರ್ಷ ಫ್ಯೂಜಿ ಸಿನಿಮಾ ಶೂಟಿಂಗಿಗೂ ಪ್ರಿಂಟಿಗೂ ಬೇಕಾದ ಫಿಲ್ಮ್ ತಯಾರಿಸುವುದನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ನಮಗೆ ಪೆಟ್ಟಿಗೆ ಬರುವುದು ನಿಂತೇ ಹೋಗಿತ್ತು. ಮೊದಲು ಹಾಕಿದ್ದ ಡಿಜಿಟಲ್ ಪ್ರೊಜೆಕ್ಟರ್ ಬಿಟ್ಟು ನಾವೂ 2ಕೆ ಪ್ರೊಜೆಕ್ಟರ್‌ಗೆ ಬದಲಾದೆವು. ಹಾರ್ಡ್‌ಡಿಸ್ಕ್‌ನಲ್ಲಿ ಸಿನಿಮಾ ಬರುತ್ತದೆ, ಅದನ್ನು ಸರ್ವರ್‌ಗೆ ಇಳಿಸಿಕೊಳ್ಳಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಇಳಿಸಿದರೂ ಓಡುವುದಿಲ್ಲ, ಕೀ ಬೇಕು. ಕೀ ಅಂದರೆ ಒಂದು ಸಣ್ಣ ಫೈಲ್, ಮೇಲ್‌ನಲ್ಲಿ ಬರುತ್ತದೆ. ಇಂಥ ಸರ್ವರ್‌ನಲ್ಲಿ, ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನ ಇಷ್ಟು ಗಂಟೆಯವರೆಗೆ ಅಂತ ಅದರಲ್ಲೇ ಬರೆದಿರುತ್ತದೆ. ಪಕ್ಕದ ಊರಿನ ಟಾಕೀಸಿನ ಕೀ ನಮಗೆ ಆಗುವುದಿಲ್ಲ. ಸರ್ವರ್‌ನ ಒಳಗಿನ ಬೋರ್ಡ್ ಬದಲಿಸಿದರೆ ನಮ್ಮ ಕೀ ನಮಗೇ ಆಗುವುದಿಲ್ಲ.

ಒಬ್ಬ ದೊಡ್ಡ ಹೀರೋನ ಸಿನಿಮಾ. ಬೆಳಿಗ್ಗೆ ಆರಕ್ಕೆ ಅಭಿಮಾನಿಗಳ ಶೋ. ಹೊರಗೆ ತಮಟೆ, ಪಟಾಕಿ, ಕಟೌಟ್‌ಗೆ ಹಾಲಿನ ಅಭಿಷೇಕ. ಸಿನಿಮಾ ಹಿಂದಿನ ದಿನವೇ ಸರ್ವರ್‌ನಲ್ಲಿ ಕೂತಿತ್ತು. ಕೀ ಬಂದದ್ದು ಮಧ್ಯರಾತ್ರಿ ಮೇಲೆ. ಹಾಕಿ ನೋಡಿದರೆ ಶುರುವಾಗುವ ಸಮಯ ಬೆಳಿಗ್ಗೆ ಹತ್ತು ಅಂತಿದೆ. ಕೀ ಕಳಿಸುವ ಆಫೀಸಿನಲ್ಲಿ ಮಾಮೂಲಿ ಮಾರ್ನಿಂಗ್ ಶೋ ಅಂದುಕೊಂಡು ಮಾಡಿಬಿಟ್ಟಿದ್ದಾರೆ. ಯಜಮಾನರು ಮೆಟ್ಟಿಲು ಹತ್ತಿ ಬಂದರು.

"ಏನಯ್ಯಾ, ಕೀ ಬಂತಾ?"

"ಬಂದಿದೆ ಸಾರ್. ಆದ್ರೆ ಹತ್ತು ಗಂಟೆಗೆ ಓಪನ್ ಆಗುತ್ತೆ."

"ಗಡಿಯಾರ ತಿರುಗಿಸಯ್ಯ ಹಾಗಾದ್ರೆ!"

ಸರ್ವರ್‌ನ ಗಡಿಯಾರ ಹಾಗೆಲ್ಲ ತಿರುಗುವುದಿಲ್ಲ. ಯಾರಾದರೂ ಹೀಗೆ ಯೋಚಿಸುತ್ತಾರೆ ಅಂತ ಗೊತ್ತಿದ್ದೇ ಅದನ್ನು ಮಾಡಿದ್ದಾರೆ. ಫೋನಿನ ಮೇಲೆ ಫೋನ್. ವಿತರಕರ ಕಡೆಯವರು ಒಪ್ಪಿಗೆ ಕೊಡಬೇಕು, ಆಮೇಲೆ ಆಫೀಸಿನವರು ಹೊಸ ಕೀ ಮಾಡಬೇಕು, ಅದನ್ನು ನಾನು ಪೆನ್‌ಡ್ರೈವ್‌ನಲ್ಲಿ ಹಾಕಬೇಕು. ಶೋ ಶುರುವಾಗುವಾಗ ಏಳೂವರೆ ದಾಟಿತ್ತು. ಎರಡು ಕುರ್ಚಿ ಮುರಿದಿದ್ದವು. ಪರದೆ ಉಳಿದದ್ದೇ ಪುಣ್ಯ. ಫಿಲ್ಮ್ ತುಂಡಾದಾಗಲೂ ಜನ ಕೂಗುತ್ತಿದ್ದರು. ಆದರೆ ಆಗ ನನ್ನ ಕೈಗೆ ಕೆಲಸ ಇರುತ್ತಿತ್ತು. ಇಲ್ಲಿ ಎಲ್ಲ ಸರಿಯಾಗಿದೆ, ನಾನು ಮಾತ್ರ ಫೋನ್ ಹಿಡಿದು ನಿಂತಿದ್ದೇನೆ.

ಅದಾದ ಮೇಲೆ ನಾನು ಮಾಡಿಕೊಂಡ ಪದ್ಧತಿ ಇದು. ಬುಧವಾರವೇ ವಿತರಕರಿಗೆ ನಮ್ಮ ಮೊದಲ ಶೋ ಸಮಯ ಬರಹದಲ್ಲಿ ಕಳಿಸುತ್ತೇನೆ. ಕೀ ಬಂದ ತಕ್ಷಣ ಶುರು, ಕೊನೆ ಎರಡೂ ಓದುತ್ತೇನೆ. ಕೊನೆಯ ಸಮಯ ಮರೆಯಬಾರದು. ಎರಡನೇ ವಾರಕ್ಕೆ ಸಿನಿಮಾ ಮುಂದುವರಿದರೆ ಗುರುವಾರ ರಾತ್ರಿ ಕೀ ಸತ್ತಿರುತ್ತದೆ. ಸಾಧ್ಯವಾದರೆ ಹಿಂದಿನ ರಾತ್ರಿ ಕೆಲವು ನಿಮಿಷ ಓಡಿಸಿ ನೋಡಲು ಅವಕಾಶ ಕೇಳುತ್ತೇನೆ. ಕೊಟ್ಟರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಕರೆಂಟ್ ಹೋದಾಗಿನ ಕಥೆ ಬೇರೆ. ರೀಲಿನ ಕಾಲದಲ್ಲಿ ಜನರೇಟರ್ ಹಾಕಿದ ಕೂಡಲೇ ಬಿಟ್ಟಲ್ಲಿಂದ ಓಡುತ್ತಿತ್ತು. ಸರ್ವರ್ ಒಮ್ಮೆ ಆಫ್ ಆದರೆ ಮತ್ತೆ ಎದ್ದು ಕಣ್ಣು ಬಿಡುವಷ್ಟರಲ್ಲಿ ಜನ ಸೀಟಿ ಹೊಡೆದು ಹೊಡೆದು ಸುಸ್ತಾಗಿರುತ್ತಾರೆ. ಆ ಯುಪಿಎಸ್‌ಗೆ ಯಾಕೆ ಅಷ್ಟು ದುಡ್ಡು ಹಾಕಿದೆವು ಅಂತ ಯಜಮಾನರಿಗೆ ಆಗ ಗೊತ್ತಾಯಿತು.

ಇನ್ನು ಒನ್ಸ್ ಮೋರ್. ಹಾಡಿಗೆ ಒನ್ಸ್ ಮೋರ್ ಅಂತ ಕೂಗಿದರೆ ಆಗ ರೀಲ್ ಹಿಂದಕ್ಕೆ ಸುತ್ತಿ ಮತ್ತೆ ಲೋಡ್ ಮಾಡಬೇಕಿತ್ತು. ಆದರೂ ಮಾಡುತ್ತಿದ್ದೆವು. ಈಗ ಎರಡು ಕ್ಲಿಕ್ ಸಾಕು. ಆದರೆ ಏನು ಓಡಿಸಿದೆ, ಯಾವಾಗ ಓಡಿಸಿದೆ ಅಂತ ಸರ್ವರ್ ಎಲ್ಲ ಬರೆದಿಟ್ಟುಕೊಳ್ಳುತ್ತದೆ. ವಿತರಕರಿಗೆ ಇದರಿಂದ ಲಾಭವೇ. ಸುಳ್ಳು ಲೆಕ್ಕ ಬರೆದು ಕದ್ದು ಶೋ ಹಾಕುವುದು ನಿಂತಿತು. ಅದು ನಿಂತದ್ದು ಒಳ್ಳೆಯದೇ ಅನ್ನುವವನು ನಾನು.

ದುಡ್ಡಿನ ಜಗಳ ಮಾತ್ರ ಮುಗಿದಿಲ್ಲ. ಪ್ರಿಂಟ್ ಖರ್ಚು ಉಳಿಯಿತಲ್ಲ, ಅದರಲ್ಲಿ ಸ್ವಲ್ಪ ಮೆಷಿನ್ ಹಾಕಿದ ಕಂಪನಿಗೆ ಕೊಡಿ ಅಂತ ನಿರ್ಮಾಪಕರಿಂದ ವರ್ಚುವಲ್ ಪ್ರಿಂಟ್ ಫೀ ತೆಗೆದುಕೊಳ್ಳುವುದು ಶುರುವಾಯಿತು. ಮೆಷಿನ್ ಸಾಲ ತೀರಿದ ಮೇಲೂ ಯಾಕೆ ಕೊಡಬೇಕು ಅಂತ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಕೊಡುವುದನ್ನೇ ನಿಲ್ಲಿಸಿದ್ದರು. ಕೇಳಿದ್ದು ನ್ಯಾಯವೇ. ಆದರೆ ಟಾಕೀಸಿಗೆ ಬಾಗಿಲು ಹಾಕಿದರೆ ಸಂಬಳ ಹೋಗುವುದು ನಮ್ಮದು.

ಮೊದಲು ಪಾಳಿಗೆ ಇಬ್ಬರು ಆಪರೇಟರ್, ರಿವೈಂಡಿಂಗ್‌ಗೆ ಒಬ್ಬ ಹುಡುಗ ಇದ್ದೆವು. ಈಗ ನಾನೊಬ್ಬನೇ. ರಿವೈಂಡಿಂಗ್ ಹುಡುಗ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಹಿರಿಯರು ಡಿಜಿಟಲ್ ಕಲಿಯಲು ಮನಸ್ಸು ಮಾಡಲಿಲ್ಲ, ಮನೆಗೆ ಹೋದರು. ಮೆಷಿನ್ನುಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟರು. ಲೆನ್ಸುಗಳನ್ನು ನಾನು ಕೇಳಿ ಇಟ್ಟುಕೊಂಡೆ.

ಈಗ ಸುತ್ತಲಿನ ಊರುಗಳ ಟಾಕೀಸಿನವರು ಲ್ಯಾಂಪ್ ಬದಲಿಸಲು, ಫಿಲ್ಟರ್ ಕ್ಲೀನ್ ಮಾಡಲು ನನ್ನನ್ನು ಕರೆಯುತ್ತಾರೆ. ಲೇಸರ್ ಪ್ರೊಜೆಕ್ಟರ್ ಬಂದ ಕಡೆ ಲ್ಯಾಂಪ್ ಕೆಲಸವೂ ಇಲ್ಲ. ಆದರೆ ಧೂಳಿಗೆ ಲೇಸರ್ ಏನು, ಝೆನಾನ್ ಏನು? ಮೊನ್ನೆ ಒಂದು ಕಡೆ ಹೋದಾಗ ಪ್ರೊಜೆಕ್ಟರ್ ಬಿಸಿಯಾಗಿ ಇಂಟರ್‌ವಲ್‌ಗೇ ನಿಲ್ಲುತ್ತಿದೆ ಅಂದರು. ಕಂಪನಿ ಎಂಜಿನಿಯರ್ ಬರಲು ವಾರ ಆಗುತ್ತದಂತೆ. ಫಿಲ್ಟರ್ ಬಿಚ್ಚಿ ಕೊಡವಿದೆ, ಎಸಿಯ ನೀರು ಹೋಗುವ ಪೈಪ್ ಕಟ್ಟಿತ್ತು, ಬಿಡಿಸಿದೆ. ಸೆಕೆಂಡ್ ಶೋ ಪೂರ್ತಿ ಓಡಿತು.