ಗಂಗಾಬಲ್‌ಗೆ ಹೋಗಲು ಚಾಮುಂಡಿ ಬೆಟ್ಟ ಇಳಿದಿದ್ದು

ಕಾಶ್ಮೀರದ ಗಂಗಾಬಲ್ ಸರೋವರಕ್ಕೆ ರಸ್ತೆ ಇಲ್ಲ. ಶ್ರೀನಗರದಿಂದ ಕಂಗನ್ ದಾಟಿ ನಾರಾನಾಗ್‌ವರೆಗೆ ಗಾಡಿ, ಅಲ್ಲಿಂದ ಸುಮಾರು 15 ಕಿ.ಮೀ. ಕಾಲುದಾರಿ. ನನಗೆ ಹೆದರಿಕೆ ಇದ್ದದ್ದು ದೂರಕ್ಕಲ್ಲ, ಏರಿಗೆ. 1,300 ಮೀಟರಿಗೂ ಹೆಚ್ಚು ಹತ್ತಬೇಕು. ನಮ್ಮ ಚಾಮುಂಡಿ ಬೆಟ್ಟ ಮೈಸೂರಿನಿಂದ ಎದ್ದಿರುವುದೇ ಸುಮಾರು 300 ಮೀಟರ್. ಅಂಥ ನಾಲ್ಕು ಬೆಟ್ಟ ಒಂದರ ಮೇಲೊಂದು.

ಮೂರು ತಿಂಗಳು ಮುಂಚೆಯೇ ಶುರು ಮಾಡಿದೆ. ವಾರಕ್ಕೆ ನಾಲ್ಕು ದಿನ, ಬೆಳಗಿನ ಐದೂವರೆಗೆ ಬೆಟ್ಟದ ಪಾದದಲ್ಲಿರುತ್ತಿದ್ದೆ. ಬ್ಯಾಗಿನಲ್ಲಿ ಎರಡು ಲೀಟರಿನ ನಾಲ್ಕು ನೀರಿನ ಬಾಟಲಿ. ಹತ್ತಿ, ದೇವಿಗೆ ಕೈಮುಗಿದು, ಸಿಟಿ ಬಸ್ಸಿನಲ್ಲಿ ಇಳಿದುಬಿಡುತ್ತಿದ್ದೆ. ಒಂದು ದಿನ ನಂದಿಯ ಹತ್ತಿರ ಕೂತಿದ್ದಾಗ, ದಿನಾ ಹತ್ತುವ ಹಿರಿಯರೊಬ್ಬರು ಕೇಳಿದರು: "ಹತ್ತೋಕೆ ದಮ್ಮು ಸಾಕು ಸ್ವಾಮಿ, ಇಳಿಯೋಕೆ ಮಂಡಿ ಬೇಕು. ನೀವು ಬಸ್ಸಲ್ಲಿ ಇಳಿದ್ರೆ ಮಂಡಿಗೆ ಅಭ್ಯಾಸ ಆಗೋದು ಯಾವಾಗ?"

ಅಂದಿನಿಂದ ಇಳಿಯುವುದನ್ನೇ ಕಲಿತೆ. ಸವೆದ ಕಲ್ಲು, ಭಕ್ತರು ಹಚ್ಚಿದ ಅರಿಶಿನ ಕುಂಕುಮ, ಅದರ ಮೇಲೆ ಮುಂಗಾರಿನ ತುಂತುರು ಬಿದ್ದರೆ ಜಾರುವುದು ಗ್ಯಾರಂಟಿ. ಅಲ್ಲಿ ಧಡಧಡನೆ ಇಳಿಯಲಾಗದು. ಮಂಡಿಯನ್ನು ಚೂರು ಬಗ್ಗಿಸಿ, ಪಾದ ಪೂರ್ತಿ ಊರಿ, ಎತ್ತರದ ಮೆಟ್ಟಿಲಲ್ಲಿ ಅಡ್ಡಡ್ಡ ತಿರುಗಿ ಇಳಿಯಬೇಕು. ಮೊದಲ ವಾರ ತೊಡೆ ಬಿಗಿದು ಕೂರಲೂ ಆಗಲಿಲ್ಲ. ತಿಂಗಳಾಗುವಷ್ಟರಲ್ಲಿ ಮಂಡಿ ಗಟ್ಟಿಯಾಯಿತು.

ಆಗಸ್ಟ್‌ನಲ್ಲಿ ನಾನು, ಅಕ್ಕನ ಮಗ ಹೊರಟೆವು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ನಾರಾನಾಗ್‌ನ ಹಳೆಯ ಕಲ್ಲಿನ ಗುಡಿಗಳ ಪಕ್ಕದಿಂದಲೇ ಕಾಡಿನ ಏರು. ಹುಡುಗ ಮುಂದೆ ಓಡಿದ. ಸಂಜೆ ಟ್ರಂಖೋಲ್ ಹುಲ್ಲುಗಾವಲಿನಲ್ಲಿ ಡೇರೆ ಹಾಕುವಾಗ, "ಮಾಮ, ತಲೆ ಸಿಡೀತಿದೆ" ಅಂತ ಮಲಗಿದ. ಎತ್ತರದ ತಲೆನೋವು ಇಳಿಯದೆ ಮೇಲೆ ಹತ್ತಲೇಬಾರದು. ಮಾರನೆ ದಿನವೂ ಅಲ್ಲೇ ಉಳಿದೆವು. ಆ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ ಅನ್ನ ಬೇಗ ಬೇಯದು. ಕಾಪಾಡಿದ್ದು ಮಂಡ್ಯದಿಂದ ಅಮ್ಮ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು. ಬೆಲ್ಲ ಪುಡಿ ಮಾಡಿ, ತಣ್ಣೀರಲ್ಲಿ ಕಲಸಿದರೆ ಊಟವಾಯಿತು. ಒಲೆಯೇ ಬೇಡ.

ಮೂರನೆಯ ದಿನ ಸರೋವರ ಕಂಡಿತು. ಹಿಂದೆ 5,142 ಮೀಟರಿನ ಹರಮುಖ್, ಅದರ ಹಿಮ ಕರಗಿ ಬಂದ ನೀರು. ಮೋಡ ಸರಿದಾಗ ಹಸಿರು, ಮುಚ್ಚಿದಾಗ ಸೀಸದ ಬಣ್ಣ. ಕೈ ಅದ್ದಿದೆ, ಹತ್ತು ಎಣಿಸುವುದರೊಳಗೆ ಬೆರಳು ಮರಗಟ್ಟಿತು. ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಇಳಿಯುವಾಗ ಪೈನ್ ಎಲೆ ಕಾಲಡಿಗೆ ಜಾರುತ್ತಿತ್ತು. ನನ್ನ ಮಂಡಿ ಒಂದು ಸಲವೂ ನೋಯಲಿಲ್ಲ. ಹುಡುಗನ ಹೆಬ್ಬೆರಳಿನ ಉಗುರು ಮಾತ್ರ ಶೂಗೆ ಬಡಿದು ಬಡಿದು ಕಪ್ಪಾಯಿತು. ಹೊರಡುವ ಮುನ್ನ ಉಗುರು ಕತ್ತರಿಸಿ. ಇಳಿಯುವ ಮೊದಲು ಲೇಸನ್ನು ಕಣಕಾಲಿನ ಹತ್ತಿರ ಇನ್ನೊಮ್ಮೆ ಬಿಗಿದು ಕಟ್ಟಿ, ಪಾದ ಮುಂದಕ್ಕೆ ಜಾರದಂತೆ.